ಅವರ ಮಂಡಿ, ನಮ್ಮ ಜೇಬು

ಮಲೆನಾಡಿಗೂ ಸೈಕಲ್ಲಿಗೂ ಜಾತಕ ಕೂಡುವುದಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ಸೈಕಲ್ ಏರಿ ರಾಷ್ಟ್ರಮಟ್ಟದ ಪದಕ ತರುತ್ತಾರೆ. ಅಲ್ಲಿ ದಾರಿ ನೇರ, ನೆಲ ಸಪಾಟು, ಎದುರಾಳಿ ಅಂದರೆ ಗಾಳಿಯೊಂದೇ. ನಮ್ಮ ಆಲ್ದೂರಿನ ಸುತ್ತ ಹಾಗಲ್ಲ. ಮನೆಯಿಂದ ಪೇಟೆಗೆ ಹೊರಟವನನ್ನು ಅರ್ಧ ದಾರಿ ಸೈಕಲ್ ಹೊರುತ್ತದೆ, ಇನ್ನರ್ಧ ದಾರಿ ಅವನೇ ಸೈಕಲ್ಲನ್ನು ದೂಡುತ್ತಾನೆ. ಹೋಗುವಾಗ ಹತ್ತಿದ್ದು ಬರುವಾಗ ಇಳಿಜಾರಾಗಿ ಲೆಕ್ಕ ಚುಕ್ತಾ ಆಗಬೇಕು ತಾನೆ? ಆಗುವುದಿಲ್ಲ. ಹೋಗುವಾಗಲೂ ಏರೇ ಜಾಸ್ತಿ, ಬರುವಾಗಲೂ ಏರೇ ಜಾಸ್ತಿ. ಇದು ಹೇಗೆ ಅಂತ ಭೂಗೋಳದ ಮೇಷ್ಟ್ರನ್ನು ಕೇಳಬೇಡಿ, ಸೈಕಲ್ ದೂಡಿದವರನ್ನು ಕೇಳಿ. ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಹಂಚಲು ಶುರುಮಾಡಿದಾಗ ಬಯಲುಸೀಮೆಯ ಹೆಣ್ಣುಮಕ್ಕಳು ಗಂಟೆ ಬಾರಿಸುತ್ತ ಸಾಲಾಗಿ ಶಾಲೆಗೆ ಹೋದರು. ನಮ್ಮಲ್ಲಿ ಎಷ್ಟೋ ಸೈಕಲ್ಲುಗಳು ಕೊಟ್ಟಿಗೆಯ ಗೋಡೆಗೆ ಒರಗಿ ನಿಂತು, ಹುಲ್ಲಿನ ಹೊರೆ ತರುವ ಹೊತ್ತಿಗೆ ಮಾತ್ರ ರಸ್ತೆಗಿಳಿದವು.

ಇಂಥ ಸೀಮೆಯಲ್ಲಿ, ಡಿಸೆಂಬರ್ ಜನವರಿಯ ಚಳಿಯಲ್ಲಿ, ಕಾಫಿ ಕುಯ್ಲು ಏರಿರುವ ದಿನಗಳಲ್ಲಿ, ಚಿಕ್ಕಮಗಳೂರಿನಿಂದ ವಸ್ತಾರೆ ದಾಟಿ ಬರುವ ರಸ್ತೆಯ ಮೇಲೆ ಸೈಕಲ್ಲುಗಳ ಸಾಲು ಕಂಡರೆ ಜನ ತಿರುಗಿ ನೋಡದೆ ಇರುತ್ತಾರೆಯೇ? ಮೈಗಂಟಿದ ಬಣ್ಣದ ಬಟ್ಟೆ, ಮೊಟ್ಟೆಚಿಪ್ಪಿನಂಥ ಹೆಲ್ಮೆಟ್ಟು, ಕಪ್ಪು ಕನ್ನಡಕ. ಹಿಂದೆ ಒಂದು ವ್ಯಾನು, ಅದರೊಳಗೆ ಬಾಳೆಗೊನೆ, ನೀರಿನ ಕ್ಯಾನು, ಕಳಚಿಟ್ಟ ಚಕ್ರಗಳು. ವ್ಯಾನಿನ ಮೈಗೆ ಕಟ್ಟಿದ ಬ್ಯಾನರಿನಲ್ಲಿ ಯಾವುದೋ ರೋಗದ ಹೆಸರು, ಅದಕ್ಕೆ ಹಣ ಕೂಡಿಸುವ ಸಂಸ್ಥೆಯ ಹೆಸರು, ಕೆಳಗೆ ಫೋನಿನಲ್ಲಿ ದುಡ್ಡು ಹಾಕಲು ಒಂದು ಚೌಕದ ಗುರುತು. ತೋಟದ ಕೂಲಿಮನೆಗಳ ಲೈನಿನಿಂದ ಕೆಲಸಕ್ಕೆ ಹೊರಟ ಅಸ್ಸಾಮಿನ ಹುಡುಗರು ಪಿಕಪ್ಪಿನಲ್ಲಿ ನಿಂತು ಕೈ ಬೀಸುತ್ತಾರೆ. ಸವಾರರೂ ಒಂದು ಕೈ ಬಿಟ್ಟು ಬೀಸುತ್ತಾರೆ. ಏರು ಬಂತೆಂದರೆ ಬೀಸುವುದು ನಿಲ್ಲುತ್ತದೆ.

ಬಸ್‌ಸ್ಟ್ಯಾಂಡಿನ ಪಕ್ಕದ ಕ್ಯಾಂಟೀನಿಗೆ ಇವರು ಇಳಿದರೆ ಬನ್ಸು ಖಾಲಿ. ಬಾಯಿ ತುಂಬ ಬನ್ಸು ಇಟ್ಟುಕೊಂಡೇ ಬೆಂಗಳೂರಿನ ಹುಡುಗನೊಬ್ಬ ಕ್ಯಾಂಟೀನಿನವರಿಗೆ ವಿವರಿಸುತ್ತಿದ್ದ: ಕ್ಯಾನ್ಸರ್ ಆಗಿರುವ ಬಡಮಕ್ಕಳ ಚಿಕಿತ್ಸೆಗೆ ಹಣ ಸೇರಿಸುತ್ತಿದ್ದೇವೆ, ಅದಕ್ಕೇ ಈ ಸವಾರಿ, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಇಳಿದು ಸಮುದ್ರದವರೆಗೆ. ಕ್ಯಾಂಟೀನಿನವರು ಎಲ್ಲವನ್ನೂ ಕೇಳಿಸಿಕೊಂಡು, ಕಾಫಿ ಲೋಟ ಮುಂದಿಟ್ಟು, "ಅಲ್ಲ ಮಾರಾಯ್ರೆ, ದುಡ್ಡು ಕೊಡ್ಲಿಕ್ಕೆ ಸೈಕಲ್ ಯಾಕೆ ಹೊಡೀಬೇಕು? ಫೋನಲ್ಲೇ ಹಾಕಿದ್ರೆ ಹೋಗಲ್ವಾ?" ಎಂದರು.

ಹುಡುಗ ನಕ್ಕ. ಉತ್ತರ ಹೇಳಲಿಲ್ಲ, ಪಾಪ, ಬನ್ಸು ಇನ್ನೂ ಬಾಯಲ್ಲಿತ್ತು. ಆದರೆ ಪ್ರಶ್ನೆ ಸುಮ್ಮನೆ ಬಿಡುವಂಥದ್ದಲ್ಲ. ಮಗುವಿಗೆ ಕಾಯಿಲೆ, ಆಸ್ಪತ್ರೆಗೆ ದುಡ್ಡು ಬೇಕು, ಕೊಡುವವನ ಜೇಬಿನಲ್ಲಿ ದುಡ್ಡಿದೆ. ಈ ಮೂರರ ನಡುವೆ ಬೆವರು ಸುರಿಸುತ್ತ ಸೈಕಲ್ ತುಳಿಯುವ ನಾಲ್ಕನೆಯವನಿಗೆ ಏನು ಕೆಲಸ?

ಯೋಚಿಸಿದರೆ ಈ ನಾಲ್ಕನೆಯವನು ನಮಗೆ ಹೊಸಬನಲ್ಲ. ನಾವು ಚಿಕ್ಕವರಿದ್ದಾಗ ಊರಿನ ಶಾಲೆಯ ಮೈದಾನಕ್ಕೆ ಸೈಕಲ್ ಸರ್ಕಸ್ಸಿನವನು ಬರುತ್ತಿದ್ದ. ನಡುವೆ ಒಂದು ಕಂಬ, ಕಂಬಕ್ಕೊಂದು ಟ್ಯೂಬ್‌ಲೈಟು, ಕರ್ಕಶ ಸ್ಪೀಕರಿನಲ್ಲಿ ಡಾ. ರಾಜ್‌ಕುಮಾರ್ ಹಾಡು. ಸೈಕಲ್ಲಿನಿಂದ ಕಾಲು ನೆಲಕ್ಕೆ ತಾಗಿಸದೆ ಹಗಲೂ ರಾತ್ರಿ ಸುತ್ತುತ್ತಲೇ ಇರುತ್ತೇನೆ ಅಂತ ಸಾರುತ್ತಿದ್ದ. ಸೈಕಲ್ ಮೇಲೇ ಸ್ನಾನ, ಸೈಕಲ್ ಮೇಲೇ ಊಟ. ನಿದ್ದೆಯೂ ಸೈಕಲ್ ಮೇಲೇ ಅಂತ ನಮ್ಮನ್ನು ನಂಬಿಸಿದ್ದ. ನಡುರಾತ್ರಿಯಲ್ಲಿ ಇಳಿದು ಮಲಗುತ್ತಾನೆ ಎಂದು ದೊಡ್ಡವರು ಹೇಳುತ್ತಿದ್ದರು. ಅದನ್ನು ಹಿಡಿಯಲೆಂದು ಚಳಿಯಲ್ಲಿ ಕಂಬಳಿ ಹೊದ್ದು ಕಾದು ಕೂತ ಹುಡುಗರು ತಾವೇ ಮಲಗಿಬಿಟ್ಟು, ಸತ್ಯ ಇವತ್ತಿಗೂ ಹೊರಬಿದ್ದಿಲ್ಲ. ಸಂಜೆಯಾದರೆ ಪಟೇಲರೋ ಅಂಗಡಿ ಶೆಟ್ಟರೋ ಬಂದು ಅವನ ಅಂಗಿಗೆ ನೋಟು ಪಿನ್ನು ಮಾಡುತ್ತಿದ್ದರು. ಚಕ್ರ ನಿಲ್ಲಿಸುವಂತಿಲ್ಲ, ಆದ್ದರಿಂದ ಅವರೂ ಸೈಕಲ್ ಪಕ್ಕ ಓಡುತ್ತ ಓಡುತ್ತ ಪಿನ್ನು ಚುಚ್ಚಬೇಕು. ಆ ಓಟ ನೋಡಲಿಕ್ಕೇ ಅರ್ಧ ಊರು ಸೇರುತ್ತಿತ್ತು. ಪಟೇಲರು ಬೇರೆ ದಿನಗಳಲ್ಲಿ ಓಡಿದ್ದನ್ನು ಕಂಡವರಿಲ್ಲ.

ಅದೇ ಮನುಷ್ಯ ಸೈಕಲ್ ಪಕ್ಕಕ್ಕಿಟ್ಟು ಮನೆಮನೆಗೆ ಬಂದು "ಹೊಟ್ಟೆಗಿಲ್ಲ, ಹತ್ತು ರೂಪಾಯಿ ಕೊಡಿ" ಅಂದಿದ್ದರೆ ನಾಲ್ಕಾಣೆ ಸಿಗುತ್ತಿತ್ತೋ ಇಲ್ಲವೋ. ಕೈಕಾಲು ಗಟ್ಟಿಯಿದೆಯಲ್ಲ, ದುಡಿದು ತಿನ್ನು ಎಂಬ ಉಪದೇಶವಂತೂ ಧಾರಾಳವಾಗಿ ಸಿಗುತ್ತಿತ್ತು. ಆ ಗಟ್ಟಿ ಕೈಕಾಲುಗಳನ್ನೇ ಅವನು ಯಾರಿಗೂ ಉಪಯೋಗವಿಲ್ಲದ ಸುತ್ತಿಗೆ ಹಚ್ಚಿದ. ನಾವು ನೋಟು ಚುಚ್ಚಿದೆವು. ಅವನ ಬಡತನ ಕಾಣುತ್ತಿರಲಿಲ್ಲ, ಬೆವರು ಕಾಣುತ್ತಿತ್ತು.

ಇನ್ನೂ ಹಳೆಯ ದಾರಿ ಬೇಕಾದರೆ ಶಿವರಾತ್ರಿಯ ಹೊತ್ತಿಗೆ ಕೊಟ್ಟಿಗೆಹಾರದಲ್ಲಿ ನಿಂತು ನೋಡಬೇಕು. ಬೆಂಗಳೂರಿನಿಂದ, ಹಾಸನದ ಕಡೆಯಿಂದ ಸಾವಿರಾರು ಜನ ಧರ್ಮಸ್ಥಳಕ್ಕೆ ನಡೆದುಕೊಂಡು ಹೋಗುತ್ತಾರೆ. ಮೂಡಿಗೆರೆ ದಾಟುವ ಹೊತ್ತಿಗೆ ಹೆಚ್ಚಿನವರ ಕಾಲಲ್ಲಿ ಬೊಬ್ಬೆ, ಕೆಲವರ ಚಪ್ಪಲಿ ಕೈಯಲ್ಲಿ. ದಾರಿಯುದ್ದಕ್ಕೂ ಯಾರ್ಯಾರೋ ಪೆಂಡಾಲು ಹಾಕಿ ಮಜ್ಜಿಗೆ, ಪಾನಕ, ಅನ್ನ ಕೊಡುತ್ತಾರೆ, ಕಾಲಿಗೆ ಎಣ್ಣೆ ತಿಕ್ಕಿ ಕಳಿಸುತ್ತಾರೆ. ಧರ್ಮಸ್ಥಳಕ್ಕೆ ಬಸ್ಸಿಲ್ಲವೇ ಎಂದು ಯಾರೂ ಕೇಳುವುದಿಲ್ಲ. ನಡೆಯುವವರಲ್ಲಿ ಅರ್ಧ ಜನ ತಮಗಾಗಿ ಹೊರಟವರೇ ಅಲ್ಲ. ಮಗನಿಗೆ ಜ್ವರ ಬಿಟ್ಟಿದ್ದಕ್ಕೆ ತಾಯಿ ನಡೆಯುತ್ತಾಳೆ, ಅಣ್ಣನ ಆಪರೇಷನ್ ಸಲೀಸಾಗಿದ್ದಕ್ಕೆ ತಮ್ಮ ನಡೆಯುತ್ತಾನೆ. ಕಾಯಿಲೆ ಒಬ್ಬರದು, ಕಾಲುನೋವು ಇನ್ನೊಬ್ಬರದು. ಹರಕೆಯ ಈ ವ್ಯವಹಾರದಲ್ಲಿ ದೇವರಿಗೆ ಏನು ಸಿಗುತ್ತದೆ ಎಂಬುದನ್ನು ನಾನು ಇಲ್ಲಿ ಎತ್ತುವುದಿಲ್ಲ, ಆಲ್ದೂರಿನಲ್ಲಿ ಬಾಳಬೇಕು.

ಸೈಕಲ್ಲಿನವರದ್ದೂ ಇದೇ ಹರಕೆ, ಒಬ್ಬ ಹೆಚ್ಚುವರಿ ಪಾಲುದಾರ ಸೇರಿದ್ದಾನೆ ಅಷ್ಟೆ. ಹರಕೆ ಹೊತ್ತವನೊಬ್ಬ, ಕಾಣಿಕೆ ಹಾಕುವವನು ಮತ್ತೊಬ್ಬ, ಗುಣವಾಗಬೇಕಾದವನು ಇನ್ನೊಬ್ಬ. ಮೂವರಲ್ಲಿ ಮೊದಲಿನವನಿಗೂ ಕೊನೆಯವನಿಗೂ ಮುಖಪರಿಚಯವೂ ಇರುವುದಿಲ್ಲ.

ಈ ಪದ್ಧತಿಯನ್ನು ದೊಡ್ಡದಾಗಿ ಬೆಳೆಸಿದವರು ಪಶ್ಚಿಮದವರು. ಇಂಗ್ಲೆಂಡಿನಲ್ಲಿ ಲಂಡನ್ನಿನಿಂದ ಬ್ರೈಟನ್ ಎಂಬ ಕಡಲೂರಿಗೆ 54 ಮೈಲಿಯ ಸವಾರಿಯೊಂದಿದೆ. 1980ರಿಂದ ಅದು ಬ್ರಿಟಿಷ್ ಹಾರ್ಟ್ ಫೌಂಡೇಶನ್ನಿಗೆ ಹಣ ತರುತ್ತಿದೆ. ಹೃದಯದ ಕಾಯಿಲೆಗೆ ಹಣ ಕೂಡಿಸುವ ಈ ದಾರಿಯ ಕೊನೆಯ ಭಾಗದಲ್ಲಿ ಡಿಚ್ಲಿಂಗ್ ಬೀಕನ್ ಎಂಬ ಕಡಿದಾದ ಗುಡ್ಡವಿದೆ. ಅದನ್ನು ಹತ್ತುವಾಗ ಸವಾರರ ಸ್ವಂತ ಹೃದಯವೇ ಬಾಯಿಗೆ ಬರುತ್ತದಂತೆ, ಬಹಳ ಜನ ಇಳಿದು ದೂಡುತ್ತಾರೆ. ದೂಡುವವರ ವಿಷಯದಲ್ಲಿ ನಮಗೆ ತಕ್ಷಣ ಬಂಧುತ್ವ ಹುಟ್ಟುತ್ತದೆ.

ಅದೇ 1980ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಬಿಲ್ಲಿ ಸ್ಟಾರ್ ಎಂಬ ಯುವಕ 36 ಜನ ಸವಾರರ ಗುಂಪು ಕಟ್ಟಿಕೊಂಡು ರಾಜ್ಯದ ಆ ತುದಿಯಿಂದ ಈ ತುದಿಗೆ ತುಳಿದ. 1974ರಲ್ಲಿ ಅವನ ತಾಯಿ ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಮೊದಲ ವರ್ಷ ಕೂಡಿದ್ದು 10,200 ಡಾಲರು. ಬಾಸ್ಟನ್ನಿನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಕೊಟ್ಟರು. ಪ್ಯಾನ್-ಮ್ಯಾಸ್ ಚಾಲೆಂಜ್ ಎಂಬ ಆ ಸವಾರಿ ಪ್ರತಿವರ್ಷ ನಡೆದು, ಈವರೆಗೆ ಕೂಡಿಸಿದ ಮೊತ್ತ ನೂರು ಕೋಟಿ ಡಾಲರು ದಾಟಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಸವಾರಿಗೆ ಬರೀ ಕಾಲು ಗಟ್ಟಿಯಿದ್ದರೆ ಸಾಲದು. ಇಷ್ಟು ಸಾವಿರ ಡಾಲರು ಕೂಡಿಸಿಕೊಡುತ್ತೇನೆ ಎಂದು ಮೊದಲೇ ಮಾತು ಕೊಟ್ಟವನಿಗೇ ಜಾಗ. ಅಂದರೆ ಅವನು ನಂಟರು, ನೆರೆಮನೆಯವರು, ಆಫೀಸಿನವರು, ಹಳೆಯ ಮೇಷ್ಟ್ರುಗಳು ಎಲ್ಲರ ಬಾಗಿಲು ತಟ್ಟಬೇಕು. ನನ್ನ ಅನುಮಾನ ಏನೆಂದರೆ, ಆ ಬಾಗಿಲು ತಟ್ಟುವುದರ ಮುಂದೆ ಡಿಚ್ಲಿಂಗ್ ಗುಡ್ಡ ಏನೂ ಅಲ್ಲ. ಮೈಯ ಬೆವರನ್ನು ಟವೆಲ್ಲಿನಲ್ಲಿ ಒರೆಸಿಕೊಳ್ಳಬಹುದು, "ಮುಂದಿನ ವಾರ ನೋಡೋಣ" ಎಂದ ಭಾವನನ್ನು ಒರೆಸಿಕೊಳ್ಳುವುದು ಹೇಗೆ?

ಕೊಡುವವರ ಕಡೆಯಿಂದಲೂ ನೋಡಬೇಕು. ಕ್ಯಾನ್ಸರಿಗೆ ದುಡ್ಡು ಕೊಡಿ ಅಂತ ಪೇಪರಿನಲ್ಲಿ ಜಾಹೀರಾತು ಬಂದರೆ ಪುಟ ತಿರುವುತ್ತೇವೆ. ತಂಗಿಯ ಮಗಳು ಫೋನ್ ಮಾಡಿ "ಮಾವ, ನಾನು ಸೈಕಲ್ಲಲ್ಲಿ ಇಷ್ಟು ದೂರ ಹೋಗ್ತಿದ್ದೀನಿ" ಅಂದರೆ ಮೊದಲು "ಹುಷಾರು ಕಣಮ್ಮ, ಲಾರಿಗಳು" ಅನ್ನುತ್ತೇವೆ, ಆಮೇಲೆ ಕೊಡುತ್ತೇವೆ. ಕೊಟ್ಟಿದ್ದು ರೋಗಕ್ಕಲ್ಲ, ತಂಗಿಯ ಮಗಳಿಗೆ. ಅವಳು ಅದನ್ನು ರೋಗಿಗೆ ತಲುಪಿಸುತ್ತಾಳೆ. ಇದನ್ನು ಸಣ್ಣತನ ಎಂದು ಕರೆಯುವವರಿದ್ದಾರೆ. ನಾನು ಕರೆಯುವುದಿಲ್ಲ. ಕಾಣದ ಲೋಕದ ಮೇಲೆಲ್ಲ ಕರುಣೆ ಹರಿಸಲು ನಮ್ಮಲ್ಲಿ ಬುದ್ಧರು ಕಡಿಮೆ, ಸೋದರಮಾವಂದಿರು ಜಾಸ್ತಿ.

ಆದರೆ ಲೆಕ್ಕದ ಮಾತು ಬಂದೇ ಬರುತ್ತದೆ. 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಏಡ್ಸ್ ರೋಗಿಗಳಿಗಾಗಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲೀಸ್‌ಗೆ ಒಂದು ವಾರದ ಸವಾರಿ ಶುರುವಾಯಿತು. ಹೊರಡಿಸಿದವರು ಡ್ಯಾನ್ ಪಲೋಟ. ರಾತ್ರಿ ಉಳಿಯಲು ಡೇರೆಗಳ ಊರು, ಬಿಸಿನೀರಿನ ಸ್ನಾನ, ಊಟ, ವೈದ್ಯರು, ಜಾಹೀರಾತು, ಎಲ್ಲ ಭರ್ಜರಿ. ಹಣವೂ ಭರ್ಜರಿಯಾಗಿ ಬಂತು. ಆದರೆ ಕೂಡಿದ ಹಣದಲ್ಲಿ ಖರ್ಚಿಗೆ ಹೋಗುವುದು ಎಷ್ಟು, ರೋಗಿಗೆ ತಲುಪುವುದು ಎಷ್ಟು ಎಂಬ ಗಲಾಟೆ ಎದ್ದು, 2002ರಲ್ಲಿ ಪಲೋಟರ ಕಂಪನಿ ಮುಚ್ಚಿತು. ಅದೇ ವರ್ಷದಿಂದ ಏಡ್ಸ್ ಸಂಸ್ಥೆಗಳೇ ತಮ್ಮ ಸವಾರಿಯನ್ನು ಹೊರಡಿಸಿ 2025ರವರೆಗೆ ನಡೆಸಿದವು. ಪಲೋಟರ ವಾದ ಬೇರೆ: ಖರ್ಚು ಮಾಡದೆ ದೊಡ್ಡ ಹಣ ಬರುವುದಿಲ್ಲ, ಸೋಪು ಮಾರುವವನಿಗೆ ಜಾಹೀರಾತು ಬೇಕು ಅಂತ ಒಪ್ಪುತ್ತೀರಿ, ದಾನ ಕೇಳುವವನಿಗೆ ಬೇಡ ಅನ್ನುತ್ತೀರಿ. ವಾದದಲ್ಲಿ ಹುರುಳಿದೆ. ಆದರೆ ಹುಂಡಿಗೆ ಹಾಕಿದ ನೂರು ರೂಪಾಯಿಯಲ್ಲಿ ಹುಂಡಿಯ ಬೀಗಕ್ಕೆ ಎಷ್ಟು ಹೋಯಿತು ಎಂದು ಕೇಳುವ ಹಕ್ಕು ಹಾಕಿದವನಿಗೆ ಇದ್ದೇ ಇದೆ. ಬೀಗ ಚಿನ್ನದ್ದಾಗಿದ್ದರೆ ಗಟ್ಟಿಯಾಗಿಯೇ ಕೇಳಬೇಕು.

ಸೈಕಲ್ಲು, ರೋಗ, ದಾನ ಮೂರೂ ಸೇರಿದ ಕಡೆ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಹೆಸರು ಎತ್ತದೆ ಮುಂದೆ ಹೋಗುವ ಹಾಗಿಲ್ಲ. 1996ರಲ್ಲಿ ಅವನಿಗೆ ಕ್ಯಾನ್ಸರ್. 1997ರಲ್ಲಿ ರೋಗಿಗಳ ನೆರವಿಗೆ ಸಂಸ್ಥೆ ಕಟ್ಟಿದ. 1999ರಿಂದ ಏಳು ವರ್ಷ ಸತತವಾಗಿ ಟೂರ್ ಡಿ ಫ್ರಾನ್ಸ್ ಗೆದ್ದ. 2004ರಲ್ಲಿ ಆ ಸಂಸ್ಥೆ ಒಂದು ಡಾಲರಿನ ಹಳದಿ ರಬ್ಬರ್ ಪಟ್ಟಿ ಹೊರತಂದಿತು. ಅದರ ನಕಲು ನಮ್ಮ ಕಾಲೇಜು ಹುಡುಗರ ಕೈಯಲ್ಲೂ ಕುಣಿಯಿತು, ಅದು ಯಾವ ರೋಗದ್ದು ಎಂದು ಗೊತ್ತಿಲ್ಲದೆ. 2012ರಲ್ಲಿ ಉದ್ದೀಪನ ಮದ್ದು ಬಳಸಿದ್ದು ಸಾಬೀತಾಗಿ ಏಳೂ ಗೆಲುವು ಹೋದವು. ಆಗ ನನಗೆ ಕಾಡಿದ ಪ್ರಶ್ನೆ: ಆ ಹಳದಿ ಪಟ್ಟಿಯ ಡಾಲರಿನಿಂದ ನೆರವು ಪಡೆದು ಗುಣವಾದವನೊಬ್ಬ ಎಲ್ಲೋ ಇರುತ್ತಾನಲ್ಲ, ಅವನ ಆರೋಗ್ಯವೂ ಸುಳ್ಳೇ? ಪದಕ ಕಿತ್ತುಕೊಳ್ಳಬಹುದು, ಇಳಿದ ಗಡ್ಡೆಯನ್ನು ವಾಪಸ್ ಇಡಲಾಗುವುದಿಲ್ಲ. ಮೋಸ ಮೋಸವೇ, ಅದಕ್ಕೆ ಶಿಕ್ಷೆ ಆಗಬೇಕು, ಆಯಿತು. ಆದರೆ ಕಾಣಿಕೆ ಹಾಕಿದವರಾರೂ ಅದರಿಂದ ಮೈಲಿಗೆಯಾಗಲಿಲ್ಲ.

ಇನ್ನು ಹಣವನ್ನೇ ಕೇಳದೆ ತುಳಿದವರ ಜಾತಿಯೊಂದಿದೆ. ಡರ್ವ್ಲಾ ಮರ್ಫಿ ಎಂಬ ಐರಿಷ್ ಹೆಂಗಸು 1963ರಲ್ಲಿ ಒಬ್ಬಳೇ ಸೈಕಲ್ ತುಳಿದು ಐರ್ಲೆಂಡಿನಿಂದ ಭಾರತಕ್ಕೆ ಬಂದಳು. ಬಂದವಳು ಸನ್ಮಾನಕ್ಕೆ ಕಾಯದೆ ಧರ್ಮಶಾಲಾದಲ್ಲಿ ಟಿಬೆಟನ್ ನಿರಾಶ್ರಿತ ಮಕ್ಕಳ ಸೇವೆಗೆ ನಿಂತಳು. ಹತ್ತು ವರ್ಷದ ನಂತರ ಮತ್ತೆ ಬಂದು ನಮ್ಮ ಪಕ್ಕದ ಕೊಡಗಿನಲ್ಲಿ ಉಳಿದು ಪುಸ್ತಕ ಬರೆದಳು. ಆಗ ಸೈಕಲ್ಲಿರಲಿಲ್ಲ, ಐದು ವರ್ಷದ ಮಗಳಿದ್ದಳು. ಮಗುವನ್ನು ಕಟ್ಟಿಕೊಂಡು ಮಲೆನಾಡು ಸುತ್ತುವುದು ಸೈಕಲ್ಲಿಗಿಂತ ಕಷ್ಟವೆಂದು ತಾಯಂದಿರು ಒಪ್ಪುತ್ತಾರೆ.

ನಮ್ಮ ದೇಶದಲ್ಲಿ ಈ ಹುಚ್ಚು ಹೆಚ್ಚಾಗಿ ಹಿಡಿದಿರುವುದು ಡಾಕ್ಟರುಗಳಿಗೆ ಅಂತ ಕಾಣುತ್ತದೆ. ಅಮೆರಿಕದ ಪಶ್ಚಿಮ ತೀರದಿಂದ ಪೂರ್ವ ತೀರಕ್ಕೆ ಸುಮಾರು ಮೂರು ಸಾವಿರ ಮೈಲಿ ನಿಲ್ಲಿಸದೆ ತುಳಿಯುವ ರೇಸೊಂದಿದೆ, ರೇಸ್ ಅಕ್ರಾಸ್ ಅಮೆರಿಕ ಅಂತ. 2015ರಲ್ಲಿ ನಾಸಿಕದ ಮಹಾಜನ್ ಸಹೋದರರು, ಹಿತೇಂದ್ರ ಮತ್ತು ಮಹೇಂದ್ರ, ಇಬ್ಬರ ತಂಡವಾಗಿ ಅದನ್ನು ಒಂಬತ್ತು ದಿನದೊಳಗೆ ಮುಗಿಸಿದರು. ಇಬ್ಬರೂ ವೈದ್ಯರು. ಅವರು ಹೊತ್ತ ಹೆಸರು ಆದಿವಾಸಿಗಳ ಕಣ್ಣಿನ ಚಿಕಿತ್ಸೆಯದು. 2017ರಲ್ಲಿ ಸೇನೆಯ ವೈದ್ಯ ಶ್ರೀನಿವಾಸ್ ಗೋಕುಲನಾಥ್ ಅದನ್ನು ಒಂಟಿಯಾಗಿ ಮುಗಿಸಿದ ಮೊದಲ ಭಾರತೀಯರಾದರು. ಅವರ ಬೆನ್ನಿಗೇ ಮುಗಿಸಿದ ನಾಗಪುರದ ಅಮಿತ್ ಸಮರ್ಥ್ ಕೂಡ ಡಾಕ್ಟರೇ. ನಮಗೆ "ಉಪ್ಪು ಕಡಿಮೆ ಮಾಡಿ, ರಾತ್ರಿ ಬೇಗ ಮಲಗಿ" ಅನ್ನುವವರು ತಾವು ಹೀಗೆ ದಿನಗಟ್ಟಲೆ ನಿದ್ದೆಗೆಟ್ಟು ಬೆವರು ಬಸಿಯುತ್ತಾರೆ ಎನ್ನುವುದು ಒಂದು ಬಗೆಯ ಸಮಾಧಾನ.

ಕರ್ನಾಟಕದಲ್ಲಿ ಗುಂಪುಸವಾರಿಗೆ ದೊಡ್ಡ ಹೆಸರು ಟೂರ್ ಆಫ್ ನೀಲಗಿರೀಸ್‌ದು. 2008ರ ಡಿಸೆಂಬರಿನಲ್ಲಿ ಬೆಂಗಳೂರಿನ ಸೈಕಲ್ ಪ್ರೇಮಿಗಳು ಶುರುಮಾಡಿದ್ದು. ಮೈಸೂರು, ಕಾಡಂಚು, ಮಸಿನಗುಡಿ, ಆಮೇಲೆ ಊಟಿಗೆ ಹತ್ತುವ ಕಲ್ಲಟ್ಟಿ ಘಾಟಿ. ಕಲ್ಲಟ್ಟಿಯ ಹೆಸರು ಹೇಳಿದರೆ ಸವಾರರ ಮುಖದಲ್ಲಿ ಭಕ್ತಿಯೂ ಭಯವೂ ಒಟ್ಟಿಗೆ ಮೂಡುತ್ತದೆ. ಕಾಕತಾಳೀಯವೆಂದರೆ ಅದೇ 2008ರಲ್ಲಿ ನಮ್ಮ ರಾಜ್ಯಕ್ಕೆ 108 ಆಂಬುಲೆನ್ಸ್ ಬಂತು. ನಗರದವರು ದೂರವನ್ನು ಬೇಕೆಂದೇ ತುಳಿಯಲು ಹೊರಟ ವರ್ಷವೇ ನಮ್ಮ ಕಾಫಿ ಬೆಟ್ಟದವರಿಗೆ ದೂರ ಸ್ವಲ್ಪ ಕಡಿಮೆಯಾಯಿತು.

ಸ್ವಲ್ಪ ಮಾತ್ರ. ಯಾಕೆಂದರೆ ಈ ಕಡೆ ಕಾಯಿಲೆ ಅಂದರೆ ಮೊದಲು ರೋಗವಲ್ಲ, ದಾರಿ. ಕಳಸದ ಆಚೆಯ ಗುಡ್ಡದ ಮನೆಗಳಿಂದ ಇವತ್ತಿಗೂ ನಡೆಯಲಾಗದವರನ್ನು ಕುರ್ಚಿಗೆ ಬಿದಿರು ಕಟ್ಟಿಯೋ ಕಂಬಳಿಯ ಜೋಲಿಯಲ್ಲೋ ಹೊತ್ತು ರಸ್ತೆಗೆ ತರುವುದುಂಟು. ರಸ್ತೆಗೆ ಬಂದರೆ ಜೀಪು. ಜೀಪು ಮೂಡಿಗೆರೆಯ ಎಂಜಿಎಂ ಆಸ್ಪತ್ರೆಗೋ ಚಿಕ್ಕಮಗಳೂರಿಗೋ ಮುಟ್ಟಿಸಿದರೆ, ಅಲ್ಲಿಂದ "ಮುಂದಕ್ಕೆ ಕರ್ಕೊಂಡು ಹೋಗಿ." ಮುಂದಕ್ಕೆ ಅಂದರೆ ಹಾಸನ, ಮಂಗಳೂರು, ಮಣಿಪಾಲ. ಕ್ಯಾನ್ಸರ್ ಅಂದರೆ ಎಷ್ಟೋ ಮಂದಿಗೆ ಬೆಂಗಳೂರಿನ ಕಿದ್ವಾಯಿ. 1973ರಲ್ಲಿ ಶುರುವಾದ ಆ ಆಸ್ಪತ್ರೆಯ ಹೆಸರು ನಮ್ಮ ಲೈನುಮನೆಗಳಲ್ಲಿ ಗೊತ್ತಿಲ್ಲದವರಿಲ್ಲ. ಚಾರ್ಮಾಡಿಯಲ್ಲಿ ಮಳೆಗಾಲಕ್ಕೆ ಗುಡ್ಡ ಕುಸಿದರೆ ಮಂಗಳೂರು ಇದ್ದಕ್ಕಿದ್ದಂತೆ ಇನ್ನಷ್ಟು ದೂರ ಸರಿಯುತ್ತದೆ.

ಚಿಕಿತ್ಸೆಗೆ ಸರ್ಕಾರದ ಕಾರ್ಡಿದೆ, ಒಪ್ಪೋಣ. ಆದರೆ ಜೊತೆಗೆ ಹೋದವರ ಊಟ, ಬಸ್ ಚಾರ್ಜು, ಆಸ್ಪತ್ರೆಯ ಹೊರಗೆ ಹಾಸಿಕೊಳ್ಳುವ ಚಾಪೆ, ತಪ್ಪಿದ ಕೂಲಿ ಇವುಗಳಿಗೆ ಯಾವ ಕಾರ್ಡೂ ಇಲ್ಲ. ಕುಯ್ಲಿನ ಕಾಲದಲ್ಲಿ ಗಂಡ ಹೆಂಡತಿ ಇಬ್ಬರೂ ಮಗುವಿನ ಜೊತೆ ಹೋದರೆ ವರ್ಷದ ಒಳ್ಳೆಯ ಸಂಪಾದನೆಯೇ ಹೋಯಿತು. ಅದಕ್ಕೇ ಎಷ್ಟೋ ಸಲ ಚಿಕಿತ್ಸೆ ನಡುವೆ ನಿಲ್ಲುತ್ತದೆ. ವೈದ್ಯರು ಬಿಟ್ಟದ್ದಲ್ಲ, ರೋಗಿಯ ಮನೆಯವರು ಊರಿಗೆ ಬಂದುಬಿಟ್ಟದ್ದು. ನನ್ನನ್ನು ಕೇಳಿದರೆ ಸೈಕಲ್ಲಿನವರು ಕೂಡಿಸುವ ಹಣಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ದೊಡ್ಡ ಯಂತ್ರ ಕೊಂಡು ಅದರ ಮೇಲೆ ಹೆಸರು ಕೆತ್ತಿಸುವುದು ಇರಲಿ, ಆ ಬಸ್ ಚಾರ್ಜು ಕೊಡಿ. ದೂರವನ್ನು ಮೈಯಿಂದ ಅಳೆದವರಿಗೆ ದೂರದ ಬೆಲೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು.

ಅವರು ಅಳೆಯುವ ದೂರವೂ ಏನು ಸಣ್ಣದಲ್ಲ. ಬ್ರೆವೆ ಅಂತ ಒಂದು ಲೆಕ್ಕವಿದೆ: 200 ಕಿಲೋಮೀಟರು ಹದಿಮೂರೂವರೆ ಗಂಟೆಯಲ್ಲಿ, 600 ಕಿಲೋಮೀಟರು 40 ಗಂಟೆಯಲ್ಲಿ. ಗೆದ್ದವರಿಗೆ ಬಹುಮಾನವಿಲ್ಲ, ಮುಗಿಸಿದರೆ ಮುಗಿಸಿದೆ ಎಂಬ ಮುದ್ರೆ. ಮುಳ್ಳಯ್ಯನಗಿರಿ, ರಾಜ್ಯದ ಅತಿ ಎತ್ತರದ ಶಿಖರ, 1,930 ಮೀಟರು, ಅದನ್ನು ಕೈಮರದಿಂದ ಹತ್ತುವುದು ಇವರಿಗೆ ಬೆಳಗಿನ ತಿಂಡಿಗೆ ಮುಂಚಿನ ಕಸರತ್ತು. ಆಲ್ದೂರಿನಿಂದ ಒಂದು ದಾರಿ ಬಾಳೆಹೊನ್ನೂರಿಗೆ, ಒಂದು ಮೂಡಿಗೆರೆಗೆ. ಯಾವುದನ್ನು ಹಿಡಿದರೂ ತಿರುವಿಗೊಂದು ತೋಟ, ಸಿಲ್ವರ್ ಓಕಿನ ಸಾಲು, ಕಣದಲ್ಲಿ ಒಣಗುವ ಕಾಫಿ. ಪಲ್ಪರ್ ನೀರಿನ ಹುಳಿ ವಾಸನೆ ಉಚಿತ. ಕೊಟ್ಟಿಗೆಹಾರದ ನೀರುದೋಸೆಯ ಕನಸಿನಲ್ಲಿ ತುಳಿಯುವವನಿಗೆ ಮಂಜಿನಿಂದ ಸೀದಾ ಎದುರಾಗುವುದು ಖಾಸಗಿ ಬಸ್ಸು. ಅದರ ಹಾರನ್ನು ಕೇಳಿದವನು ತಾನಾಗಿಯೇ ಮೋರಿಯ ಅಂಚಿಗೆ ಹೋಗುತ್ತಾನೆ. ಸಂಜೆ ಕತ್ತಲಾಗುವ ಮೊದಲು ಊರು ಸೇರಿಕೊಳ್ಳಿ ಅಂತ ಎಲ್ಲರೂ ಎಚ್ಚರಿಸುತ್ತಾರೆ, ಬಸ್ಸಿನ ಕಾರಣಕ್ಕಲ್ಲ. ನಮ್ಮ ಆಲ್ದೂರು ಭಾಗದಲ್ಲಿ ಆನೆಗಳೂ ಗುಂಪುಸವಾರಿ ಮಾಡುತ್ತವೆ, ಮುಂದಾಳು ಹೆಣ್ಣಾನೆಗೆ ಹೆಸರೂ ಇರುತ್ತದೆ. ಅವು ಯಾವ ಸಂಸ್ಥೆಗೂ ಹಣ ಕೂಡಿಸುವುದಿಲ್ಲ, ಬೆಳೆ ಪರಿಹಾರದ ರೂಪದಲ್ಲಿ ಕೊಡಿಸುತ್ತವೆ.

ಈಗ ನಮ್ಮ ರೈಟ್ರ ವಿಷಯ. ತೋಟದ ರೈಟ್ರು ಅಂದರೆ ಕಥೆ ಬರೆಯುವವರಲ್ಲ, ಕೂಲಿ ಲೆಕ್ಕ ಬರೆಯುವವರು. ಕುಯ್ಲಿನಲ್ಲಿ ಕೂಲಿ ಕೊಡುವುದು ಕುಯ್ದ ಹಣ್ಣಿನ ತೂಕಕ್ಕೆ. ಸಂಜೆ ಚೀಲಗಳು ಸಾಲಾಗಿ ಬಂದರೆ ತಕ್ಕಡಿಯ ಪಕ್ಕ ಸ್ಟೂಲು ಹಾಕಿಕೊಂಡು ರೈಟ್ರು ಕೂರುತ್ತಾರೆ. ಹಸಿರುಕಾಯಿ ಜಾಸ್ತಿ ಬಂದರೆ ಬೈಗುಳ, ಎಲೆ ಕಡ್ಡಿ ಸೇರಿದ್ದರೆ ಕಡಿತ, ಕಡಿದಾದ ಇಳಿಜಾರಿನ ತಾಕಿನಲ್ಲಿ ಕುಯ್ದವರಿಗೆ ಮಾತ್ರ ಕಿಲೋಗೆ ಒಂದಿಷ್ಟು ಹೆಚ್ಚು. ಜಗತ್ತಿನ ಯಾವ ಕೆಲಸವನ್ನೂ ತೂಗದೆ ನಂಬಿದ ಮನುಷ್ಯರಲ್ಲ ಅವರು.

ಒಂದು ಸಂಜೆ ತೂಕ ನಡೆಯುತ್ತಿದ್ದಾಗ ಗುಂಪಿನಿಂದ ಹಿಂದೆ ಬಿದ್ದ ಸವಾರಳೊಬ್ಬಳು ನೀರು ಕೇಳಿಕೊಂಡು ಕಣಕ್ಕೆ ಬಂದಳು. ಮಂಡಿಗೆ ಪಟ್ಟಿ ಕಟ್ಟಿದ್ದಳು, ಮುಖ ಕೆಂಪಗೆ ಕಾದಿತ್ತು. ನೀರಾಯಿತು, ಬೆಲ್ಲದ ಕಾಫಿಯಾಯಿತು, ಮಾತಿಗೆ ಮಾತು ಬೆಳೆದು ಕ್ಯಾನ್ಸರಿನ ಮಕ್ಕಳ ವಿಷಯ ಬಂತು. ಜನ ಕಿಲೋಮೀಟರಿಗೆ ಇಷ್ಟು ಅಂತ ಮಾತು ಕೊಡುತ್ತಾರೆ, ನಾವು ತುಳಿದಷ್ಟು ದೂರಕ್ಕೆ ಲೆಕ್ಕ ಹಾಕಿ ಕಳಿಸುತ್ತಾರೆ ಅಂದಳು. ರೈಟ್ರ ಕಿವಿ ನೆಟ್ಟಗಾಯಿತು. ಕ್ಯಾಂಟೀನಿನವರಿಗೆ ಹೊಳೆಯದ ಉತ್ತರ ಇವರಿಗೆ ಒಂದೇ ಏಟಿಗೆ ಹೊಳೆದಂತಿತ್ತು. ದಾನ ಅಂದಿದ್ದರೆ ಅವರು ತಕ್ಕಡಿಯ ಕಡೆ ತಿರುಗಿಬಿಡುತ್ತಿದ್ದರು, ಇದು ಕೂಲಿ.

"ಇಳಿಜಾರಿಗೂ ಅದೇ ರೇಟಾ?" ಎಂದು ಕೇಳಿದರು.

"ಹೌದು ಸರ್, ಎಲ್ಲ ಕಿಲೋಮೀಟರಿಗೂ ಒಂದೇ."

"ಅದು ನ್ಯಾಯ ಅಲ್ಲ ಕಣಮ್ಮ. ಇಳಿಜಾರಲ್ಲಿ ಸೈಕಲ್ ತಾನಾಗೇ ಹೋಗುತ್ತೆ, ಅದಕ್ಕೆ ನಾನ್ಯಾಕೆ ಕೊಡ್ಲಿ? ಏರಿದ್ದು ಎಷ್ಟು ಹೇಳು, ಅದಕ್ಕೆ ಕೊಡ್ತೀನಿ."

ಹುಡುಗಿ ಮಣಿಕಟ್ಟಿನ ವಾಚು ಒತ್ತಿದಳು. ಬೆಳಗಿನಿಂದ ಹತ್ತಿದ ಏರುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಒಟ್ಟು ಎಷ್ಟು ಮೀಟರು ಅಂತ ಅದು ತೋರಿಸುತ್ತದೆ. ರೈಟ್ರು ಕನ್ನಡಕ ಮೇಲೆತ್ತಿ, ವಾಚನ್ನು ದೂರ ಹಿಡಿಸಿ, ಹತ್ತಿರ ಹಿಡಿಸಿ ನೋಡಿದರು. ಇಂಥ ತಕ್ಕಡಿಯನ್ನು ಅವರು ಈವರೆಗೆ ಕಂಡಿರಲಿಲ್ಲ. ತೂಕದ ಪುಸ್ತಕದ ಹಿಂದಿನ ಹಾಳೆ ತಿರುವಿ ಅವಳ ಹೆಸರು, ತಾರೀಖು, ಏರಿನ ಮೀಟರು ಬರೆದು, ರೇಟು ಗುಣಿಸಿ, ಪಕ್ಕದ ಸಾಲಿನಲ್ಲಿ ಕಡಿತ ಏನೂ ಇಲ್ಲವೆಂದು ಗೆರೆ ಎಳೆದು, ಜೇಬಿನಿಂದ ನೋಟು ಎಣಿಸಿ ಕೊಟ್ಟರು. ಸಾಲಿನಲ್ಲಿ ಕಾಯುತ್ತಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅವರಲ್ಲೊಬ್ಬಳು ಎಲೆಅಡಿಕೆ ಚೀಲ ಬಿಚ್ಚಿ ಹತ್ತು ರೂಪಾಯಿ ಅವಳ ಕೈಗಿಟ್ಟಳು, ಯಾವ ಗುಣಾಕಾರವೂ ಇಲ್ಲದೆ.

"ರಸೀತಿ?" ಎಂದರು ರೈಟ್ರು.

ರಸೀತಿ ಫೋನಿಗೆ ಬಂತು. ಅದರಲ್ಲಿ ಹೆಸರಿನ ಒಂದಕ್ಷರ ತಪ್ಪಿತ್ತು, ಮತ್ತೆ ಮಾಡಿಸಿದರು. ಅಷ್ಟು ಹೊತ್ತಿಗೆ ಹೊತ್ತು ಇಳಿಯುತ್ತಿತ್ತು, ಅವಳ ಗುಂಪು ಎಷ್ಟೋ ಮುಂದೆ ಹೋಗಿತ್ತು. ಸೈಕಲ್ ಏರಿದವಳು ಗೇಟಿನಾಚೆಯ ದಿಬ್ಬ ತೋರಿಸಿ, "ಸರ್, ಇದನ್ನೂ ಸೇರಿಸಿ ಬರ್ಕೊಳ್ಳಿ" ಎಂದು ಕೂಗಿದಳು.

"ಹತ್ತಿದ ಮೇಲೆ ಫೋನ್ ಮಾಡಮ್ಮ," ಎಂದರು ರೈಟ್ರು ಪುಸ್ತಕ ಮುಚ್ಚುತ್ತ. "ಮುಂಗಡ ಇಸ್ಕೊಂಡೋರು ಯಾರೂ ಈ ತೋಟಕ್ಕೆ ವಾಪಸ್ ಬಂದಿಲ್ಲ."